ಅಪ್ಪನ ಕೆನ್ನೆ ಕ್ಯಾನ್ಸರಿನ ಆಪರೇಷನ್ ಮುಂದೂಡಿ, ವೈರಸ್ ಚುಚ್ಚಿ ಕ್ಯಾನ್ಸರ್ ಕೊಲ್ಲುವ ಚಿಕಿತ್ಸೆಗೆ ಹೊರದೇಶಕ್ಕೆ ಹೋಗಬಹುದಾ? ಯಾವ ದೇಶ ಒಳ್ಳೆಯದು?

ಯಾವ ದೇಶವೂ ಬೇಡ ಮಾರಾಯ್ರೆ. ಕೆನ್ನೆಯ ಗಡ್ಡೆ ಕೊಯ್ದು ತೆಗೆಯಲಿಕ್ಕೆ ಆಗುತ್ತದೆ ಅಂತ ಮಂಗಳೂರಿನ ಡಾಕ್ಟರ್ ಡೇಟ್ ಕೊಟ್ಟಿದ್ದಾರೆ ಅಂತ ನೀವೇ ಬರೆದಿದ್ದೀರಿ. ಆ ಡೇಟನ್ನು ಮುಟ್ಟಬೇಡಿ. ನಾನು ಡಾಕ್ಟರಲ್ಲ. ನೀವು ಈಗ ಮಾಡಲಿಕ್ಕೆ ಹೊರಟದ್ದನ್ನು ನನ್ನ ಅಣ್ಣನ ವಿಷಯದಲ್ಲಿ ಮಾಡಿ ಮುಗಿಸಿದವನು.

ಅಣ್ಣ ಮಲ್ಪೆಯಲ್ಲಿ ಮೀನು ಹಿಡಿಯುವ ಪರ್ಸೀನ್ ಬೋಟು ನಡೆಸುವ ತಂಡೇಲ. ಅಂಗಾಲಿನಲ್ಲಿ ಒಂದು ಕಪ್ಪು ಕಲೆ ಎದ್ದದ್ದಕ್ಕೆ ಆಣಿ ಅಂತ ಮೆಡಿಕಲ್‌ನಿಂದ ಪಟ್ಟಿ ತಂದು ಅಂಟಿಸಿಕೊಂಡು ತಿರುಗಿದ. ಕೊನೆಗೆ ಬಯಾಪ್ಸಿ ಮಾಡಿಸಿದರೆ ಮೆಲನೋಮ. ಅದು ಬಿಳಿಯರಿಗೆ ಬರುವ ಚರ್ಮದ ಕ್ಯಾನ್ಸರ್ ಅಂತ ನಮ್ಮ ಅಂದಾಜು. ನಮ್ಮ ಬಣ್ಣದವರಿಗೆ ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೇ ಬರುವುದಂತೆ. ಆಪರೇಷನ್ ಆಯಿತು. ವರ್ಷ ತುಂಬುವ ಮೊದಲೇ ಅದೇ ಕಾಲಿನ ಮೀನಖಂಡದ ಚರ್ಮದಡಿ ಸಣ್ಣ ಸಣ್ಣ ಗಂಟು, ತೊಡೆಸಂದಿಯಲ್ಲಿ ಒಂದು ಗಡ್ಡೆ. "ಇನ್ನು ಕೊಯ್ದರೆ ಮುಗಿಯುವುದಿಲ್ಲ, ನಿವೊಲುಮಾಬ್ ಶುರು ಮಾಡುವ" ಅಂದರು ಡಾಕ್ಟರ್. ನಮ್ಮ ದೇಹದ ರೋಗನಿರೋಧಕ ಕಣಗಳಿಗೆ ಕ್ಯಾನ್ಸರ್ ಹಾಕಿದ ಕಡಿವಾಣ ಬಿಡಿಸುವ ಮದ್ದು ಅದು, ಎರಡು ವಾರಕ್ಕೊಮ್ಮೆ ಡ್ರಿಪ್. ಬೆಲೆ ಕೇಳಿ ಅತ್ತಿಗೆ ಅಲ್ಲೇ ಬೆಂಚಿನಲ್ಲಿ ಕುಳಿತುಬಿಟ್ಟರು.

ಮನೆಯಲ್ಲಿ ಇಂಟರ್ನೆಟ್ ಗೊತ್ತಿದ್ದವನು ನಾನು. ರಾತ್ರಿ ಕೂತು ಓದಿದೆ. ನೀವೂ ಈಗ ಅದನ್ನೇ ಓದಿರುತ್ತೀರಿ: ಟಿ-ವೆಕ್. ತುಟಿಯಲ್ಲಿ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸಿನಿಂದ ಕೆಲವು ಜೀನ್ ತೆಗೆದು, ರೋಗನಿರೋಧಕ ಕಣಗಳನ್ನು ಕರೆಯುವ ಒಂದು ಜೀನ್ ಸೇರಿಸಿದ್ದು. ಆರೋಗ್ಯವಂತ ಕಣಕ್ಕೆ ವೈರಸ್ ಹೊಕ್ಕರೆ ಅದು ಇಂಟರ್‌ಫೆರಾನ್ ಹೊರಡಿಸಿ ತಡೆಯುತ್ತದೆ. ಕ್ಯಾನ್ಸರ್ ಕಣಗಳಲ್ಲಿ ಅನೇಕ ಸಲ ಆ ಶಕ್ತಿ ಕೆಟ್ಟಿರುತ್ತದೆ. ಹಾಗಾಗಿ ವೈರಸ್ ಅಲ್ಲಿ ಬೆಳೆದು ಕಣವನ್ನು ಒಡೆಯುತ್ತದೆ, ಒಡೆದಾಗ ಹೊರಬಿದ್ದ ಚೂರುಗಳನ್ನು ನೋಡಿ ದೇಹ ಉಳಿದ ಕ್ಯಾನ್ಸರನ್ನೂ ಗುರುತಿಸಲು ಕಲಿಯಬಹುದು. ಅಮೆರಿಕದಲ್ಲಿ 2015ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತ್ತು, ಅದೂ ಮೆಲನೋಮಕ್ಕೇ. ಅಣ್ಣನಿಗೇ ಮಾಡಿದ ಹಾಗೆ ಉಂಟಲ್ಲ ಅಂತ ನನಗೆ ಕಂಡಿತು.

ಇಲ್ಲಿಂದ ಮುಂದಿನದ್ದನ್ನು ನಿಧಾನಕ್ಕೆ ಓದಿ. ಟಿ-ವೆಕ್ಕನ್ನು ನಿವೊಲುಮಾಬ್ ಜಾತಿಯದೇ ಇನ್ನೊಂದು ಮದ್ದಿನ ಜೊತೆ ಕೊಟ್ಟು ನೋಡುವ ಪ್ರಯೋಗವೊಂದು ಹೊರದೇಶಗಳಲ್ಲಿ ನಡೆಯುತ್ತಿತ್ತು. ಪ್ರಯೋಗಕ್ಕೆ ಸೇರಿದರೆ ಮದ್ದಿಗೆ ದುಡ್ಡಿಲ್ಲ. ಯಾರನ್ನು ಸೇರಿಸಿಕೊಳ್ಳುತ್ತೇವೆ ಎಂಬ ಪಟ್ಟಿಯಲ್ಲಿ ಒಂದು ಸಾಲಿತ್ತು: ಈ ಜಾತಿಯ ಮದ್ದು ಮೊದಲೇ ಪಡೆದವರು ಬೇಡ. ಆ ಒಂದು ಸಾಲು ನನ್ನ ಮಂಡೆಯಲ್ಲಿ ಕೂತುಬಿಟ್ಟಿತು. ಈಗ ನಿವೊಲುಮಾಬ್ ಒಂದೇ ಒಂದು ಡ್ರಿಪ್ ಹಾಕಿಸಿದರೂ ಅಣ್ಣ ಪ್ರಯೋಗಕ್ಕೆ ಕೆಡುತ್ತಾನೆ, ಮತ್ತೆ ಎಂದೂ ವೈರಸ್ ಸಿಗುವುದಿಲ್ಲ ಅಂತ ನನ್ನ ಲೆಕ್ಕ. "ಸ್ವಲ್ಪ ದಿನ ತಡೆಯಿರಿ ಸರ್" ಅಂತ ಡಾಕ್ಟರಿಗೆ ಹೇಳಿದವನು ನಾನು, ಅಣ್ಣ ಅಲ್ಲ. ಅವರು ಬೇಡ ಅಂದರು. ದುಡ್ಡಿನ ಆಸೆಗೆ ಹೇಳುತ್ತಾರೆ ಅಂತ ಕಾರಿನಲ್ಲಿ ಬರುವಾಗ ಬೈದೆ ಕೂಡ. ಜೂನ್ ಒಂದರಿಂದ ಹೇಗೂ ಮೀನುಗಾರಿಕೆ ಬಂದ್, ಅಣ್ಣ ಮನೆಯಲ್ಲೇ ಇರುತ್ತಾನೆ, ಆಗಸ್ಟಿನ ಒಳಗೆ ಕಾಗದಪತ್ರ ಎಲ್ಲ ಮಾಡಿಬಿಡುವ ಅಂದುಕೊಂಡೆ. ಈಮೇಲ್, ಸ್ಲೈಡು, ಪಾಸ್‌ಪೋರ್ಟ್. ಮತ್ಸ್ಯಗಂಧ ರೈಲಿನಲ್ಲಿ ಮುಂಬಯಿಗೆ ಓಡಾಟ.

ವೇಟಿಂಗ್ ಲಿಸ್ಟಿನ ಟಿಕೆಟ್ ಹಿಡಿದುಕೊಂಡು ಎದುರಿಗೆ ನಿಂತ ರೈಲನ್ನು ಬಿಟ್ಟವನ ಕಥೆ ನನ್ನದು.

ಆಚೆಯಿಂದ ಉತ್ತರ ಬಂತು, ಹೊಸ ಸ್ಕ್ಯಾನ್ ಕಳಿಸಿ ಅಂತ. ಮಾಡಿಸಿದರೆ ಶ್ವಾಸಕೋಶದಲ್ಲಿ ಚುಕ್ಕೆಗಳು, ಲಿವರಿನಲ್ಲೂ. ಟಿ-ವೆಕ್ ರಕ್ತನಾಳಕ್ಕೆ ಹಾಕುವ ಮದ್ದಲ್ಲ, ಸೂಜಿ ಎಟಕುವ ಚರ್ಮದ ಗಂಟಿಗೆ, ಗ್ರಂಥಿಗೆ ಚುಚ್ಚುವುದು. ಅನುಮತಿಗೆ ಆಧಾರವಾದ 436 ಮಂದಿಯ ಪ್ರಯೋಗದಲ್ಲಿಯೂ ಆರು ತಿಂಗಳಾದರೂ ಗಡ್ಡೆ ಕುಗ್ಗಿ ನಿಂತದ್ದು ಟಿ-ವೆಕ್ ಪಡೆದವರ ಪೈಕಿ ನೂರರಲ್ಲಿ ಹದಿನಾರು ಮಂದಿಗೆ, ಅದೂ ಮುಖ್ಯವಾಗಿ ಒಳಗಿನ ಅಂಗಗಳಿಗೆ ಹಬ್ಬದೇ ಇದ್ದವರಿಗೆ. ಅಣ್ಣ ಆ ಬಾಗಿಲಿನಿಂದಲೂ ಹೊರಗೆ. ಆಮೇಲೆ ನಿವೊಲುಮಾಬ್ ಶುರು ಮಾಡಿದೆವು, ಜಾಗ ಅಡವಿಟ್ಟು. ಹಿಡಿಯಲಿಲ್ಲ. ಮುಂದಿನ ನವರಾತ್ರಿಗೆ ಅವನಿರಲಿಲ್ಲ. ಮೊದಲೇ ಕೊಟ್ಟಿದ್ದರೆ ಬದುಕುತ್ತಿದ್ದ ಅಂತ ನಾನು ಹೇಳುವುದಿಲ್ಲ. ಅಂಗಾಲಿನ ಮೆಲನೋಮಕ್ಕೆ ಆ ಮದ್ದು ಉಳಿದ ಮೆಲನೋಮಕ್ಕಿಂತ ಕಡಿಮೆ ನಾಟುತ್ತದೆ. ಕೊಟ್ಟು ನೋಡುವ ಹೊತ್ತನ್ನು ಮಾತ್ರ ನಾನು ತಿಂದೆ.

ಇನ್ನೂ ಕೇಳಿ. ಟಿ-ವೆಕ್ ಜೊತೆಗೆ ನಿವೊಲುಮಾಬ್ ಜಾತಿಯದೇ ಆದ ಪೆಂಬ್ರೊಲಿಜುಮಾಬ್ ಕೊಟ್ಟ 692 ಮಂದಿಯ ದೊಡ್ಡ ಪ್ರಯೋಗದ ಫಲಿತಾಂಶ ನಂತರ ಹೊರಬಂತು: ಬರೀ ಪೆಂಬ್ರೊಲಿಜುಮಾಬ್ ಪಡೆದವರಿಗಿಂತ ಇವರು ಹೆಚ್ಚು ಕಾಲ ಬದುಕಲಿಲ್ಲ. ಅಂದರೆ ನಾನು ತಡೆದು ಇಟ್ಟದ್ದೇ ಮದ್ದು, ಕಾದದ್ದು ಅದರ ಬಾಲಕ್ಕೆ. ಮತ್ತೆ ಆರ್‌ಪಿ1 ಎಂಬ ಇನ್ನೊಂದು ಹರ್ಪಿಸ್ ವೈರಸ್ಸಿನ ಪ್ರಯೋಗದಲ್ಲಿ ನಿಯಮವೇ ಉಲ್ಟಾ. ನಿವೊಲುಮಾಬ್ ಜಾತಿಯ ಮದ್ದು ಪಡೆದು ಫಲಿಸದ 140 ಮಂದಿಯನ್ನೇ ತೆಗೆದುಕೊಂಡರು, ಸುಮಾರು ಮೂರರಲ್ಲೊಬ್ಬರಿಗೆ ಗಡ್ಡೆ ಕುಗ್ಗಿತು. ಒಂದು ಪ್ರಯೋಗದ ಒಂದು ಸಾಲನ್ನು ಇಡೀ ವೈರಸ್ ಚಿಕಿತ್ಸೆಯ ಕಾನೂನು ಅಂತ ಓದಿದೆನಲ್ಲ, ತಪ್ಪು ಅಲ್ಲಿ.

ಈಗ ನಿಮ್ಮ ಮಾತು. "ಆಪರೇಷನ್, ಕೀಮೋ ಆದರೆ ದೇಹ ಸೋತು ವೈರಸ್ ಕೆಲಸ ಮಾಡುವುದಿಲ್ಲವಂತೆ" ಅಂತ ಬರೆದಿದ್ದೀರಿ. ಯಾರು ಹೇಳಿದ್ದು? ನೀವು ಹೋಗಬೇಕೆಂದಿರುವ ಚೀನಾದಲ್ಲಿ 2005ರಲ್ಲಿ ಒಪ್ಪಿಗೆ ಪಡೆದ ಎಚ್101 ಎಂಬ ಅಡಿನೊವೈರಸ್ಸು ತಲೆ-ಕುತ್ತಿಗೆಯ ಕ್ಯಾನ್ಸರಿಗೇ ಇರುವುದು, ಆದರೆ ಕೊಡುವುದು ಕೀಮೋ ಜೊತೆಗೇ. ಜಪಾನಿನಲ್ಲಿ 2021ರಲ್ಲಿ ಷರತ್ತಿನ ಮೇಲೆ ಒಪ್ಪಿಗೆಯಾದ ವೈರಸ್ ಮೆದುಳಿನ ಗಡ್ಡೆಗೆ, ನಿಮ್ಮ ಅಪ್ಪನಿಗಲ್ಲ. ಟಿ-ವೆಕ್ ಕೊಯ್ದು ತೆಗೆಯಲಾಗದ ಮೆಲನೋಮಕ್ಕೆ. ಇನ್ನು ನೀವು ಹೇಳಿದ ಕ್ರೊಯೇಷಿಯಾದ ವಿಜ್ಞಾನಿ ಬೆಯಾಟಾ ಹಲಾಸಿ: ಮರುಕಳಿಸಿದ ಸ್ತನ ಕ್ಯಾನ್ಸರಿಗೆ ತಾನೇ ಲ್ಯಾಬಿನಲ್ಲಿ ಬೆಳೆಸಿದ ವೈರಸ್ ಚುಚ್ಚಿಸಿಕೊಂಡದ್ದು ನಿಜ, ಗಡ್ಡೆ ಕುಗ್ಗಿದ್ದೂ ನಿಜ. ಆಮೇಲೆ ಏನು ಮಾಡಿದರು ಅಂತ ಓದಿದಿರಾ? ಆಪರೇಷನ್ ಮಾಡಿಸಿ ತೆಗೆಸಿದರು, ನಂತರ ಒಂದು ವರ್ಷ ಸ್ತನ ಕ್ಯಾನ್ಸರಿನ ಮಾಮೂಲಿ ಮದ್ದು ಟ್ರಾಸ್ಟುಜುಮಾಬ್ ತೆಗೆದುಕೊಂಡರು. ವೈರಸ್ ಗೊತ್ತಿದ್ದವರೇ ಕತ್ತರಿ ಬಿಡಲಿಲ್ಲ.

ದುಡ್ಡು ಕೊಟ್ಟರೆ ವೈರಸ್ ಹಾಕುತ್ತೇವೆ ಅನ್ನುವ ಕ್ಲಿನಿಕ್ಕುಗಳ ಹತ್ತಿರ ಸುಳಿಯಬೇಡಿ. ಲಾಟ್ವಿಯಾದಲ್ಲಿ 2004ರಲ್ಲಿ ನೋಂದಣಿಯಾಗಿ ಹೊರದೇಶದ ರೋಗಿಗಳಿಗೂ ಮಾರುತ್ತಿದ್ದ ರಿಗ್ವಿರ್ ಎಂಬ ವೈರಸ್ ಮದ್ದನ್ನು 2019ರಲ್ಲಿ ನಿಲ್ಲಿಸಿದರು. ಬಾಟಲಿಯಲ್ಲಿ ಹೇಳಿದಷ್ಟು ವೈರಸ್ಸೇ ಇರಲಿಲ್ಲ. ಪ್ರಯೋಗ ಹುಡುಕಬೇಕಿದ್ದರೆ ನಮ್ಮ ದೇಶದ ಪ್ರಯೋಗಗಳ ನೋಂದಣಿ ವೆಬ್‌ಸೈಟ್ ಸಿಟಿಆರ್‌ಐ ತೆರೆದು ನೋಡಿ, ಪ್ರಿಂಟ್ ತೆಗೆದು ಡಾಕ್ಟರ ಮುಂದಿಡಿ. ಅದನ್ನು ಆಪರೇಷನ್ ಆದ ಮೇಲೂ ಮಾಡಬಹುದು.

ಈ ವಾರ ಮಾಡುವ ಕೆಲಸ ಬೇರೆ ಉಂಟು. ಅಪ್ಪ ಎಲೆಯಡಿಕೆ ಹಾಕುವವರಾದರೆ ಇವತ್ತೇ ನಿಲ್ಲಿಸಿ. ರೇಡಿಯೇಷನ್ ಬೇಕಾಗಬಹುದು, ಹಾಗಾಗಿ ಹಲ್ಲಿನ ಡಾಕ್ಟರಿಗೆ ಮೊದಲೇ ತೋರಿಸಿ, ಹುಳುಕು ಹಲ್ಲಿದ್ದರೆ ತೆಗೆಸುವುದು ಈಗಲೇ. ಬಾಯಿ ತೆರೆಯುವ ವ್ಯಾಯಾಮ ಯಾವಾಗ ಶುರು ಮಾಡಬೇಕು ಅಂತ ಕೇಳಿ, ಬಿಟ್ಟರೆ ಆಮೇಲೆ ಚಮಚವೂ ಹೋಗುವುದಿಲ್ಲ. ಸರ್ಕಾರದ ಆರೋಗ್ಯ ಕಾರ್ಡಿನಲ್ಲಿ ಆಗುತ್ತದಾ ಅಂತ ಆಸ್ಪತ್ರೆಯ ಕೌಂಟರಿನಲ್ಲಿ ವಿಚಾರಿಸಿ. ಬಯಾಪ್ಸಿಯ ಬ್ಲಾಕು, ಸ್ಲೈಡು ಜೋಪಾನ ಮಾಡಿ, ಮುಂದೆ ಯಾವ ಪ್ರಯೋಗಕ್ಕೆ ಹೋದರೂ ಮೊದಲು ಕೇಳುವುದು ಅದನ್ನೇ. ಪಾಸ್‌ಪೋರ್ಟ್ ಕಪಾಟಿನಲ್ಲೇ ಇರಲಿ.