ಮನೆಯ ಹಳೇ ಕಂಚಿನ ಮೂರ್ತಿ: ತೊಳೆಯಬೇಕೆ, ಮಾರಬಹುದೆ?

ಪ್ರಶ್ನೆ: ಅಜ್ಜಿ ಮನೆಯ ಅಟ್ಟದಲ್ಲಿ ಗೇಣುದ್ದದ ಅಂಬೆಗಾಲು ಕೃಷ್ಣನ ಮೂರ್ತಿ ಸಿಕ್ಕಿದೆ. ಮೈಯೆಲ್ಲ ಹಸಿರು ಕಿಲುಬು. ನೋಡಿದವರೊಬ್ಬರು ಚೋಳರ ಕಾಲದ ಪಂಚಲೋಹ, ಚಿನ್ನ ಇದೆ ಎಂದು ಹೇಳಿ ಕೊಳ್ಳಲು ಕೇಳುತ್ತಿದ್ದಾರೆ. ಇದು ಎಷ್ಟು ಹಳೆಯದು ಅಂತ ತಿಳಿಯುವುದು ಹೇಗೆ ಸರ್? ಹುಣಸೆಹಣ್ಣು ಹಾಕಿ ತೊಳೆಯಬಹುದಾ?

ಉತ್ತರ: ಮೊದಲು ಆ ಹುಣಸೆಹಣ್ಣು ಪಕ್ಕಕ್ಕಿಡಿ. ಪೂಜೆಯ ಹಿತ್ತಾಳೆ ಪಾತ್ರೆಗೆ ಅದು ಸರಿ, ಹಳೇ ಮೂರ್ತಿಗೆ ಅಲ್ಲ. ಹುಳಿ ಆ ಹಸಿರು ಪದರವನ್ನೇ ತಿಂದುಹಾಕುತ್ತದೆ. ಕಾಲದ ಗುರುತು ಇರುವುದು ಅದರಲ್ಲೇ. ಒಣ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ, ಸಾಕು.

ಆದರೆ ಕಿಲುಬಿನಲ್ಲೂ ಎರಡು ಬಗೆ. ಗಟ್ಟಿಯಾಗಿ ಮೈಗಂಟಿದ ಕಡುಹಸಿರು ಪದರದಿಂದ ತೊಂದರೆಯಿಲ್ಲ. ತಿಳಿಹಸಿರು ಪುಡಿ ಚುಕ್ಕೆ ಚುಕ್ಕೆಯಾಗಿ ಎದ್ದು, ಒರೆಸಿದರೂ ಕೆಲವು ದಿನದಲ್ಲಿ ಮತ್ತೆ ಬಂದರೆ ಎಚ್ಚರ. ಉಪ್ಪಿನಂಶ ಲೋಹದೊಳಗೆ ಕೂತಿದೆ, ಗಾಳಿಯ ತೇವ ಸೇರಿ ಒಳಗಿಂದ ಕೊರೆಯುತ್ತಿದೆ. ಮೂರ್ತಿಯನ್ನು ಒಣ ಜಾಗದಲ್ಲಿಟ್ಟು, ಮ್ಯೂಸಿಯಂನ ಸಂರಕ್ಷಣಾ ತಜ್ಞರಿಗೆ ತೋರಿಸಿ.

ವಯಸ್ಸಿನ ವಿಷಯಕ್ಕೆ ಬರೋಣ. ಕಾರ್ಬನ್ ಪರೀಕ್ಷೆ ಲೋಹಕ್ಕೆ ನಡೆಯುವುದಿಲ್ಲ. ಒಳಗೆ ಮಣ್ಣಿನ ತಿರುಳಿಟ್ಟು ಪೊಳ್ಳಾಗಿ ಎರಕ ಹೊಯ್ದಿದ್ದರೆ ಆ ಸುಟ್ಟ ಮಣ್ಣಿನಿಂದ ಕಾಲ ಅಳೆಯಬಹುದು. ದಕ್ಷಿಣದ ಮೂರ್ತಿಗಳು ಬಹುಪಾಲು ಗಟ್ಟಿ ಎರಕ, ಮಣ್ಣೇ ಇರುವುದಿಲ್ಲ. ಹಾಗಾಗಿ ಶೈಲಿ ಮತ್ತು ಸವೆತ ಓದಬಲ್ಲ ಕಣ್ಣೇ ಮುಖ್ಯ.

ಭೂತಗನ್ನಡಿ ಹಿಡಿದು ನೋಡಿ. ತಲೆತಲಾಂತರ ಅಭಿಷೇಕ ಮಾಡಿ, ಬಟ್ಟೆಯಲ್ಲಿ ಒರೆಸಿದ ಕೃಷ್ಣನಾದರೆ ಮೂಗು, ಕೆನ್ನೆ, ಹೊಟ್ಟೆ, ಮಂಡಿ ನುಣುಪಾಗಿರುತ್ತವೆ. ಕೈ ಹೋಗದ ಕಡೆ, ಅಂದರೆ ಕಂಠಿಯ ಹಿಂದೆ, ತೊಡೆಯ ಸಂದಿನಲ್ಲಿ, ಕೆತ್ತನೆಯ ಗೆರೆ ಚೂಪಾಗೇ ಉಳಿದಿರುತ್ತದೆ. ಇಡೀ ಮೈ ಒಂದೇ ಸಮ ಸವೆದಿದ್ದರೆ ಅನುಮಾನ ಪಡಿ. ಆಸಿಡ್ ಹಚ್ಚಿ, ಮಣ್ಣಲ್ಲಿ ಹೂತು 'ಹಳೇದು' ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆಮೇಲೆ ಬೆನ್ನು ನೋಡಿ. ಒಳ್ಳೆಯ ಚೋಳ ಶಿಲ್ಪಿ ಬೆನ್ನನ್ನೂ ಎದೆಯಷ್ಟೇ ಮುತುವರ್ಜಿಯಿಂದ ಮುಗಿಸುತ್ತಿದ್ದ. ಮೊದಲು ಮೇಣದಲ್ಲಿ ಮೂರ್ತಿ ಮಾಡಿ ಆಮೇಲೆ ಲೋಹದಲ್ಲಿ ಎರೆಯುತ್ತಿದ್ದರು, ಹೆಚ್ಚಿನ ಕೆಲಸ ಆ ಮೇಣದ ಅಚ್ಚಿನಲ್ಲೇ ಆಗುತ್ತಿತ್ತು. ಈಗಿನ ಮೂರ್ತಿಗಳಲ್ಲಿ ಸಾಮಾನ್ಯವಾಗಿ ಎರಕದ ನಂತರದ ಉಳಿ ಗುರುತು ಜಾಸ್ತಿ ಕಾಣುತ್ತದೆ.

ಚಿನ್ನದ ಆಸೆ ಬಿಡಿ. ಪಂಚಲೋಹ ಅಂದರೂ ಹೆಚ್ಚಿನ ಪಾಲು ತಾಮ್ರವೇ, ಜೊತೆಗೆ ತವರ, ಸೀಸ. ಚಿನ್ನ ಬೆಳ್ಳಿ ಹಾಕಿದ್ದರೂ ಶಾಸ್ತ್ರಕ್ಕೆ. ಇನ್ನು ಚೋಳರದೇ ಅಂತ ಫೋಟೋ ಕೂಡ ನೋಡದೆ ನಾನು ಹೇಳಲಾರೆ. ಮನೆಯಲ್ಲಿ ಪೂಜೆಗೊಂಡ ಗೇಣುದ್ದದ ಕೃಷ್ಣರು ಸಾಮಾನ್ಯವಾಗಿ ಅಷ್ಟು ಹಿಂದಿನವರಲ್ಲ. ಅದರಿಂದ ಬೇಸರ ಬೇಡ. ಅಜ್ಜಿಯ ಅಜ್ಜಿ ಕೈಮುಗಿದ ಮೂರ್ತಿ ಅಲ್ವಾ ಅದು.

ನೂರು ವರ್ಷ ದಾಟಿದ್ದರೆ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೋಂದಣಿ ಆಗಬೇಕು. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ನೋಂದಣಿ ಅಧಿಕಾರಿಯನ್ನು ಕೇಳಿ. ನೋಂದಾಯಿಸಿದರೆ ಮೂರ್ತಿ ನಿಮ್ಮ ಮನೆಯಲ್ಲೇ ಇರುತ್ತದೆ, ಸರ್ಕಾರ ಎತ್ತಿಕೊಂಡು ಹೋಗುತ್ತದೆ ಎಂಬ ಭಯ ಬೇಡ. ದೇಶದೊಳಗೆ ಮಾರಿದರೆ ಅಥವಾ ಕೈ ಬದಲಾದರೆ ಆ ಅಧಿಕಾರಿಗೆ ತಿಳಿಸಬೇಕು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತೆಯೇ ಇಲ್ಲ, ಕಳಿಸಿದರೆ ಜೈಲು.

ಪ್ರಶ್ನೆ: ಹಳೇ ಕಂಚಿನ ಮೂರ್ತಿಗಳ ಸಂಗ್ರಹ ಶುರು ಮಾಡಬೇಕೆಂದಿದ್ದೇನೆ. ವ್ಯಾಪಾರಿಯೊಬ್ಬರು 'ಹಳೇ ಜಮೀನ್ದಾರರ ಮನೆಯದು, ಕಾಗದಪತ್ರ ಏನಿಲ್ಲ' ಅನ್ನುತ್ತಾರೆ. ತೆಗೆದುಕೊಳ್ಳಲೇ?

ಉತ್ತರ: ಬೇಡ. ಪುರಾವಸ್ತು ಮಾರುವ ವ್ಯಾಪಾರಿಗೆ ಲೈಸೆನ್ಸ್ ಇರಬೇಕು, ಮೂರ್ತಿಗೆ ನೋಂದಣಿ ಇರಬೇಕು. ಎರಡೂ ಇಲ್ಲದ ಮಾಲು ಎಷ್ಟು ಚೆಂದವಿದ್ದರೂ ಕೈಬಿಡಿ.

ಕಾಗದ ಇದ್ದರೂ ಅದನ್ನು ಪರೀಕ್ಷಿಸಬೇಕು. ತಮಿಳುನಾಡಿನ ಶ್ರೀಪುರಂತಾನ್ ದೇವಾಲಯದಿಂದ ಕಳುವಾದ ಚೋಳ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರ್ ಕೊಟ್ಟು ಕೊಂಡಿತ್ತು. 1972ರ ಕಾನೂನು ಬರುವ ಮೊದಲೇ ಭಾರತ ಬಿಟ್ಟ ಮೂರ್ತಿ ಎಂಬ ಕಾಗದವೂ ಜೊತೆಗಿತ್ತು. ಅದು ಸುಳ್ಳು. ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಂಗ್ರಹದಲ್ಲಿ ಅದೇ ನಟರಾಜ, ಕಾನೂನು ಬಂದ ಎಷ್ಟೋ ವರ್ಷದ ಮೇಲೂ ದೇವಾಲಯದಲ್ಲಿದ್ದಾಗ ತೆಗೆದ ಫೋಟೋ ಇತ್ತು. 2014ರಲ್ಲಿ ಮೂರ್ತಿ ಭಾರತಕ್ಕೆ ಮರಳಿತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದ ಮೇಲೆ, ವ್ಯಾಪಾರಿಯ ಬಾಯಿಮಾತು ನಂಬಿ ಹಣ ಹಾಕುವುದು ಸುಮ್ನೆ ಅಪಾಯ.

ಪೀಠ ತಪ್ಪದೆ ನೋಡಿ. ಅಲ್ಲಿ ಕೋಲು ತೂರಿಸುವ ತೂತು ಅಥವಾ ಬಳೆಗಳಿದ್ದರೆ ಅದು ಮೆರವಣಿಗೆಗೆ ಹೋಗುತ್ತಿದ್ದ ಉತ್ಸವಮೂರ್ತಿ. ಅಂಥದ್ದಕ್ಕೆ ಒಂದು ಊರು, ಒಂದು ಗುಡಿ ಇದ್ದೇ ಇರುತ್ತದೆ. ಅದು ನಿಮ್ಮ ಕಪಾಟಿಗೆ ಬರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಂಚಿನ ಮೇಲಿನ ಪ್ರೀತಿಯಿಂದಲೇ ಸಂಗ್ರಹಿಸುವುದಾದರೆ ತಮಿಳುನಾಡಿನ ಸ್ವಾಮಿಮಲೈಯಲ್ಲಿ ಈಗಲೂ ಜೇನುಮೇಣದ ಅಚ್ಚಿನಿಂದ ಮೂರ್ತಿ ಎರೆಯುವ ಸ್ಥಪತಿಗಳಿದ್ದಾರೆ. ಅವರಿಂದ ಹೇಳಿ ಮಾಡಿಸಿ, ಬಿಲ್ ಜೋಪಾನವಾಗಿಡಿ. ಹೊರದೇಶಕ್ಕೆ ಒಯ್ಯುವಾಗ ಇದು ಪುರಾವಸ್ತು ಅಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಇಲಾಖೆಯಿಂದ ಮೊದಲೇ ಪಡೆಯಿರಿ.