ಗ್ರೆನಡಾದ ಜಾಯಿಕಾಯಿ ರೈತರ ಪರವಾಗಿ ಒಂದೆರಡು ಮಾತು

ನಮಸ್ಕಾರ. ಕೆರಿಬಿಯನ್ ಸಮುದ್ರದ ಗ್ರೆನಡಾ ದ್ವೀಪದಲ್ಲಿ ಚಂಡಮಾರುತಕ್ಕೆ ಜಾಯಿಕಾಯಿ ತೋಟ ಕಳ್ಕೊಂಡ ರೈತರ ಬಗ್ಗೆ ನಾವು ಹಾಕಿದ್ದ ಲೇಖನ ಓದಿ ನೀವು ಬರೆದ ಪತ್ರ ಕೈಸೇರ್ತು. "ಒಂದೇ ಬೆಳೆ ನೆಚ್ಕೊಂಡು ಕೂತ್ರೆ ಹೀಗೇ ಆಗೋದು, ಅದಕ್ಕೆ ಚಂಡಮಾರುತನ ಯಾಕೆ ದೂರ್ತೀರಿ" ಅಂತ ಕೇಳಿದೀರಿ. ಈ ಮಾತು ನನ್ನನ್ನ ಕಾಡ್ತು, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ಜಾಯಿಕಾಯಿನ ಆ ದೇಶ ತುಂಬಾನೇ ನಂಬ್ಕೊಂಡಿತ್ತು ಅನ್ನೋದು ನಿಜ, 1974ರಲ್ಲಿ ಸ್ವತಂತ್ರ ಆದಾಗ ಬಾವುಟದ ಮೇಲೂ ಅದನ್ನೇ ಹಾಕ್ಕೊಂಡ್ರು. ರೇಟು ಬಿದ್ದಾಗ ಪೆಟ್ಟೂ ತಿಂದ್ರು. 1987ರಲ್ಲಿ ಇಂಡೋನೇಷ್ಯಾ ಜೊತೆ ಸೇರಿ ಬೆಲೆ ಹಿಡಿದಿಡೋಕೆ ಒಪ್ಪಂದ ಮಾಡ್ಕೊಂಡ್ರು, ಕೆಲವೇ ವರ್ಷದಲ್ಲಿ ಅದು ಮುರಿದುಬಿತ್ತು.

ಆದ್ರೆ ಅಲ್ಲಿನ ತೋಟಕ್ಕೆ ಹೋದ್ರೆ ಒಂದೇ ಬೆಳೆ ಕಾಣಲ್ಲ. ಜಾಯಿಕಾಯಿ ಮರದ ಮಧ್ಯೆಮಧ್ಯೆನೇ ಕೋಕೋ, ಬಾಳೆ ಇರತ್ತೆ. ತೊಂದ್ರೆ ಏನಪ್ಪಾ ಅಂದ್ರೆ ದ್ವೀಪದ ಉದ್ದ ಸುಮಾರು 34 ಕಿಲೋಮೀಟರ್ ಅಷ್ಟೇ, ಗಾಳಿ ಬೀಸಿದ್ರೆ ಮೂರು ಬೆಳೆನೂ ಒಟ್ಟಿಗೇ ಹೋಗತ್ತೆ, ಈ ಊರಲ್ಲಿ ಹೋದ್ರೆ ಆ ಊರಲ್ಲಿ ಉಳೀತು ಅನ್ನೋ ಹಾಗಿಲ್ಲ. 2004ರ ಸೆಪ್ಟೆಂಬರ್ 7ರಂದು ಐವನ್ ಚಂಡಮಾರುತ ಬಂದು ಕೆಲವೇ ಗಂಟೆಯಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಜಾಯಿಕಾಯಿ ಮರನ ಹಾಳು ಮಾಡ್ತು. ಒಟ್ಟು ನಷ್ಟ ಇಡೀ ದೇಶದ ಎರಡು ವರ್ಷದ ಆದಾಯಕ್ಕಿಂತ ಜಾಸ್ತಿ! ಮುಂದಿನ ಜುಲೈಗೆ ಎಮಿಲಿ ಅನ್ನೋ ಇನ್ನೊಂದು ಚಂಡಮಾರುತ ಬಂತು.

ಬಾಳೆ ಮತ್ತೆ ವರ್ಷದೊಳಗೆ ಗೊನೆ ಹಾಕತ್ತೆ, ಕೋಕೋ ಮೂರ್ನಾಲ್ಕು ವರ್ಷಕ್ಕೆ ಕೈಗೆ ಸಿಗತ್ತೆ. ಜಾಯಿಕಾಯಿ ಹಾಗಲ್ಲ. ಬೀಜದಿಂದ ಎದ್ದ ಸಸಿ ಹೂ ಬಿಡೋಕೇ ಆರೆಂಟು ವರ್ಷ, ಅಲ್ಲೀವರೆಗೂ ಅದು ಗಂಡೋ ಹೆಣ್ಣೋ ಗೊತ್ತಾಗಲ್ಲ, ಹೆಚ್ಚುಕಮ್ಮಿ ಅರ್ಧ ಗಂಡೇ ಆಗಿರ್ತವೆ, ಗಂಡು ಮರ ಕಾಯಿ ಬಿಡಲ್ಲ. ಅಷ್ಟು ವರ್ಷ ಗೊಬ್ಬರ ಹಾಕಿ ಕಳೆ ಕಿತ್ತು ಸಾಕಿದ ಮರನ ಕಡಿಬೇಕಾಗಿ ಬಂದಾಗ ಆ ರೈತನ ಕೈ ಹೇಗೆ ಬರತ್ತೆ ಹೇಳಿ. ಪೂರ್ತಿ ಫಸಲು ಬರೋಕೆ ಇಪ್ಪತ್ತು ವರ್ಷ ಬೇಕು. ಅಪ್ಪ ನೆಟ್ಟ ಮರದಿಂದ ಮಗ ಉಣ್ಣೋ ಲೆಕ್ಕ, ಆ ಮರನೇ ಮನೆಯ ಉಳಿತಾಯ.

ಹಣ್ಣು ಒಡೆದಾಗ ಒಳಗೆ ಕಪ್ಪು ಬೀಜದ ಸುತ್ತ ಕೆಂಪಗೆ ಬಲೆ ಥರ ಜಾಪತ್ರೆ ಇರತ್ತಲ್ಲ, ಅದನ್ನ ಹರಿಯದ ಹಾಗೆ ಬಿಡಿಸಬೇಕು. ಬೀಜನ ವಾರಗಟ್ಟಲೆ ನೆರಳಲ್ಲಿ ಒಣಗಿಸಿ, ಅಲುಗಾಡಿಸಿದ್ರೆ ಒಳಗೆ ಗಲಗಲ ಅನ್ನೋವರೆಗೂ ಕಾದು ಚಿಪ್ಪು ಒಡೆದು ನೀರಿಗೆ ಹಾಕ್ತಾರೆ, ಮುಳುಗಿದ್ದು ಒಳ್ಳೇದು, ತೇಲಿದ್ದು ಎರಡನೇ ದರ್ಜೆ. ಇದೆಲ್ಲ ಕೈಕೆಲಸ. 1947ರಲ್ಲಿ ಶುರುವಾದ ಬೆಳೆಗಾರರ ಸಹಕಾರ ಸಂಘದ ಶೆಡ್‌ಗಳಲ್ಲಿ ಎಷ್ಟೋ ಹೆಣ್ಮಕ್ಕಳ ದಿನಗೂಲಿ ನಡೀತಿದ್ದಿದ್ದು ಇದರಿಂದಲೇ. ಮರ ಬಿದ್ದಾಗ ತೋಟ ಇಲ್ಲದ ಅವರ ಒಲೆನೂ ಆರ್ತು, ಇದನ್ನ ನಮ್ಮ ಲೇಖನದಲ್ಲಿ ನಾವು ಹೇಳಲೇ ಇಲ್ಲ, ಅದು ನಮ್ಮ ತಪ್ಪು.

ಬೇರೆ ಬೆಳೆ ಹಾಕಬೇಕಿತ್ತು ಅಂತೀರಿ, ಹಾಕಿದಾರೆ, ಎಷ್ಟೋ ಜನ ಕೋಕೋ ಕಡೆ ಹೊರಳಿದ್ರು. ಆದ್ರೂ ಜಾಯಿಕಾಯಿ ಸಸಿ ನೆಟ್ಟವರೂ ಇದಾರೆ. 2005ರಲ್ಲಿ ನೆಟ್ಟ ಮರ ಪೂರ್ತಿ ಫಸಲಿಗೆ ಬರೋ ಹೊತ್ತಿಗೆ ಸರಿಯಾಗಿ, 2024ರ ಜುಲೈ 1ಕ್ಕೆ, ಬೆರಿಲ್ ಚಂಡಮಾರುತ ಬಂತು. ಅದರ ಕಣ್ಣು, ಅಂದ್ರೆ ನಟ್ಟನಡು ಭಾಗ, ಹಾದುಹೋಗಿದ್ದು ಪಕ್ಕದ ಕ್ಯಾರಿಯಕೂ ದ್ವೀಪದ ಮೇಲೆ.

— ಸಂಪಾದಕ