ಪ್ರತಿಕ್ರಿಯೆ: ತೈಲ ತೆಗೆದರೆ ಸಮುದ್ರತಳ ಕುಸಿಯುತ್ತದೆಯೇ?

ತೈಲ ತೆಗೆದ ಜಾಗದಲ್ಲಿ ಪೊಳ್ಳು ಉಳಿದು ಸಮುದ್ರತಳ ಕುಸಿಯುವುದಿಲ್ಲವೇ ಎಂದು ತಾವು ಕೇಳಿದ್ದೀರಿ. ತೈಲವು ನೆಲದಡಿ ಕೆರೆಯಂತೆ ನಿಂತಿರುವುದಿಲ್ಲ; ಶಿಲೆಯ ಸೂಕ್ಷ್ಮ ರಂಧ್ರಗಳಲ್ಲಿ ಒತ್ತಡದಿಂದ ತುಂಬಿಕೊಂಡಿರುತ್ತದೆ. ಆದ್ದರಿಂದ ಪೊಳ್ಳಿನ ಮಾತು ಸರಿಯಲ್ಲ, ಕುಸಿತದ ಅನುಮಾನ ಮಾತ್ರ ಸುಳ್ಳಲ್ಲ.

ಉತ್ತರ ಸಮುದ್ರದಲ್ಲಿ ನಾರ್ವೆಗೆ ಸೇರಿದ, 1969ರಲ್ಲಿ ಪತ್ತೆಯಾದ ಎಕೋಫಿಸ್ಕ್ ಕ್ಷೇತ್ರವನ್ನೇ ನೋಡಿ. ಅಲ್ಲಿನ ಶಿಲೆ ಮೃದುವಾದ ಸೀಮೆಸುಣ್ಣದ ಜಾತಿಯದು. ತೈಲ, ಅನಿಲಗಳು ಹೊರಬಂದು ಒಳಗಿನ ಒತ್ತಡ ಇಳಿದಂತೆ, ಮೇಲಿನ ಸುಮಾರು 3 ಕಿಲೋಮೀಟರ್ ದಪ್ಪದ ಪದರಗಳ ಭಾರವನ್ನು ತಾಳಲಾರದೆ ಆ ಶಿಲೆ ಅದುಮಿಕೊಂಡಿತು, ಮೇಲಿನ ಸಮುದ್ರತಳವೂ ಕುಸಿಯಿತು. 1984ರಲ್ಲಿ ಇದು ಬೆಳಕಿಗೆ ಬಂದ ಬಗೆ ಸ್ವಾರಸ್ಯಕರವಾಗಿದೆ: ಸಮುದ್ರತಳದ ಮೇಲೆ ನಿಂತ ಕಾಂಕ್ರೀಟ್ ತೈಲ ಸಂಗ್ರಹ ತೊಟ್ಟಿಯ ಸುತ್ತಗೋಡೆಯಲ್ಲಿ ಅಲೆಗಳ ಹೊಡೆತ ತಗ್ಗಿಸಲು ಬಿಟ್ಟಿದ್ದ ರಂಧ್ರಗಳ ಸಾಲುಗಳು, ಹಳೆಯ ಚಿತ್ರಗಳಿಗೆ ಹೋಲಿಸಿದರೆ, ನೀರಿನ ಮೇಲೆ ಕಡಿಮೆಯಾಗಿದ್ದವು! 1987ರಲ್ಲಿ ತೈಲ ತೆಗೆಯುವ ಕೆಲಸಕ್ಕಾಗಿ ಸಮುದ್ರದಲ್ಲಿ ನಿಲ್ಲಿಸಿದ್ದ ಉಕ್ಕಿನ ವೇದಿಕೆಗಳ ಕಾಲುಗಳನ್ನು ಕತ್ತರಿಸಿ, ಹೈಡ್ರಾಲಿಕ್ ಜಾಕ್‌ಗಳಿಂದ 6 ಮೀಟರ್ ಮೇಲೆತ್ತಬೇಕಾಯಿತು.

ಒತ್ತಡ ಕಾಯ್ದುಕೊಳ್ಳಲು ಸಮುದ್ರದ ನೀರನ್ನು ಒಳಕ್ಕೆ ತುಂಬಿದರೂ ಕುಸಿತ ಕೂಡಲೇ ನಿಲ್ಲಲಿಲ್ಲ, ಏಕೆಂದರೆ ಈ ಬಗೆಯ ಸುಣ್ಣಶಿಲೆ ನೀರು ತಾಗಿದರೆ ಇನ್ನಷ್ಟು ದುರ್ಬಲವಾಗುತ್ತದೆ. ಗಟ್ಟಿ ಮರಳುಗಲ್ಲಿನ ಕ್ಷೇತ್ರಗಳಲ್ಲಿ ಸಾಮಾನ್ಯವಾಗಿ ಇಷ್ಟು ಕುಸಿತವಾಗುವುದಿಲ್ಲ.